ಟ್ರ್ಯಾಕ್ಟರ್ ನೀಲಿ

ಝಾಬ್ರೊದ್ಯೆ
೯ ಜನವರಿ ೨೦೦೪

ಇಮ್ರಿಖ್,

ಕೊಡುತ್ತೇವೆ ಎಂದದ್ದು: ಯುದ್ಧದ ಬಂಡಿ ಮಾಡುತ್ತಿದ್ದ ಕಾರ್ಖಾನೆಯಲ್ಲಿ ಇನ್ನು ಮುಂದೆ ಟ್ರ್ಯಾಕ್ಟರ್. ಒಬ್ಬರ ಕೆಲಸವೂ ಹೋಗುವುದಿಲ್ಲ. ಗೇಟಿನ ಮುಂದೆ ಒಂದು ಕಟ್ಟೆ, ಕಟ್ಟೆಯ ಮೇಲೆ ನಮ್ಮ ಕೈಯಿಂದ ಹೊರಬಿದ್ದ ಕೊನೆಯ ಬಂಡಿ, ಅದರ ಕಾಲಡಿ ಕಂಚಿನ ಹಲಗೆ, ಹಲಗೆಯಲ್ಲಿ ನಮ್ಮ ಹೆಸರು.

ಕೊಟ್ಟದ್ದು: ಟ್ರ್ಯಾಕ್ಟರಿಗೆ ಹಚ್ಚುವ ನೀಲಿ ಬಣ್ಣ. ಖಾಲಿ ಕಟ್ಟೆ. ಆಮೇಲೆ ಪ್ರತಿಯೊಬ್ಬರ ಕೈಗೂ ಒಂದು ಕಾಗದ: 'ನೀವು ಹೆಚ್ಚುವರಿ.'

ಇಲ್ಲ ಎಂದದ್ದು: ಮಿಕ್ಕಿದ್ದೆಲ್ಲ. ಕೇಳಲು ಹೋದವರಿಗೆ ಕೂರಲು ಕುರ್ಚಿ ಕೂಡ.

ಹನ್ನೊಂದು ವರ್ಷದ ಮೇಲೆ ಕಾಗದ ಬರೆಯುವವನು ಇದನ್ನೆಲ್ಲ ಮರೆತಿರಬಹುದು ಎಂದು ಮೊದಲೇ ಬರೆದೆ. ಈಗ ನಿನ್ನ ಕಾಗದಕ್ಕೆ ಬರುತ್ತೇನೆ.

ಲಕೋಟೆಯ ಮೇಲೆ 'ಗೆಯ್ಜಾ ಮತ್ತು ಯೊಲಾನಾ ಸ್ಲಾವಿಕ್' ಎಂದು ಬರೆದಿದ್ದೀಯ. ಅಂಚೆಯವಳು ಬಾಗಿಲಲ್ಲಿ ನಿಂತು, "ವಾಪಸ್ ಕಳಿಸ್ಲಾ ಯೊಲಾನಕ್ಕಾ? ಮೊದಲನೇ ಹೆಸರಿನವ್ರು ಇಲ್ವಲ್ಲ" ಅಂದಳು. "ಎರಡನೇದು ಇನ್ನೂ ಇದೆ, ಕೊಡು ಇಲ್ಲಿ" ಅಂದೆ. ಗೆಯ್ಜಾ ಸತ್ತು ಆರು ವರ್ಷವಾಯಿತು. ಬೆಳಿಗ್ಗೆ ಕಾಫಿ ಮಾಡಿಟ್ಟೆ, ಏಳಲಿಲ್ಲ. ಕಾಫಿ ಆರಿತು. ನಿನಗೆ ತಿಳಿಸಲಿಲ್ಲ. ತಿಳಿಸಬೇಕು ಅನಿಸಲಿಲ್ಲ.

ಆದ್ದರಿಂದ ನೀನು ಅವನನ್ನು ಕೇಳಿದ ಪ್ರಶ್ನೆಗೆ ನಾನು ಉತ್ತರ ಕೊಡಬೇಕಾಗಿದೆ. ಹಳೆಯ ಸೈನ್ಯದ ಬಂಡಿಗಳನ್ನು ಕೂಡಿಹಾಕುವ ಚಟ ಹತ್ತಿದೆ ಎಂದು ಬರೆದಿದ್ದೀಯ. ಬಂಡಿಗೆ ನಮ್ಮ ಷೆಡ್ಡಿನ ಹೆಸರನ್ನೇ ಹಿಡಿದು ಬರೆದಿದ್ದೀಯ, 'ಎತ್ತು' ಎಂದು. ಸೈನ್ಯದ ಗೋದಾಮಿನಿಂದ ಒಂದು ಎತ್ತು ಕೊಂಡೆ, ನಮ್ಮ ಕಾರ್ಖಾನೆಯದೇ, ಎಂಟು ಚಕ್ರದ್ದು, ಎಡಪಕ್ಕದ ಹಸಿರು ಬಣ್ಣ ಉಜ್ಜಿದರೆ ಕೆಳಗೆ ನೀಲಿ ಕಂಡಿತು, ಇದು ನಮ್ಮ ಕೊನೆಯದೇ ಇರಬಹುದಾ ಎಂದು ಕೇಳಿದ್ದೀಯ.

ಅದೇ. ಬೇರೆ ಯಾವ ಎತ್ತಿಗೂ ನೀಲಿ ಹಚ್ಚಿಲ್ಲ. ಸೈನ್ಯ ಹಸಿರು ಬಣ್ಣ ಕಳಿಸುವುದನ್ನು ನಿಲ್ಲಿಸಿತ್ತು, ಎತ್ತು ಅಡಿಬಣ್ಣದ ಬೂದು ಅಸ್ತರಿನಲ್ಲಿ ನಿಂತಿತ್ತು. ಟ್ರ್ಯಾಕ್ಟರಿನ ನಕ್ಷೆಗೂ ಮೊದಲೇ ಟ್ರ್ಯಾಕ್ಟರಿನ ಬಣ್ಣ ಬಂದಿತ್ತು. ಸಾಯುತ್ತಿದ್ದ ಯೋಜನಾ ವಿಭಾಗ ಕೊನೆಯುಸಿರಿನಲ್ಲಿ ಡ್ರಮ್ಮುಗಟ್ಟಲೆ ತರಿಸಿಬಿಟ್ಟಿತ್ತು. "ಮನೆ ಕೂಸನ್ನ ಬೆತ್ತಲೆ ಕಳಿಸ್ತಾರೇನ್ರೋ?" ಅಂದವನು ಗೆಯ್ಜಾ. ಬಣ್ಣದ ಗನ್ನು ಹಿಡಿದವನು ನೀನು. ನಾನು ಮೇಲೆ ಕ್ರೇನಿನ ಗೂಡಿನಲ್ಲಿ ಕೂತು ನೋಡಿದೆ. ಸೈನ್ಯದವರು ಬಂದು ನೋಡಿ ಇದನ್ನು ಮುಟ್ಟುವುದಿಲ್ಲ ಎಂದರು. ಹಾಗಾದರೆ ಹೇಳಿದ ಹಾಗೆ ಕಟ್ಟೆಯ ಮೇಲಾದರೂ ನಿಲ್ಲಿಸಿ ಎಂದರೆ, ಶಾಂತಿಯ ಕಾಲದಲ್ಲಿ ಯುದ್ಧದ ಬಂಡಿ ಗೇಟಿಗೆ ಶೋಭೆ ಅಲ್ಲ ಎಂದರು ಮಂತ್ರಾಲಯದವರು. ಶಾಂತಿ ಬಂದದ್ದು ನಮ್ಮ ಹೊಟ್ಟೆಯ ಮೇಲೆ.

ಇನ್ನೊಂದು ಮಾತು ಬರೆದಿದ್ದೀಯ. 'ಆ ನೀಲಿಯ ಮೇಲೆ ಹಸಿರು ಬಳಿದವನು ಯಾವ ಕತ್ತೆಯೋ ಗೊತ್ತಿಲ್ಲ. ಗೋಡೆ ಬ್ರಶ್ಶಿನಲ್ಲಿ ಬಳಿದಿದ್ದಾನೆ. ಎಲ್ಲ ಕಡೆ ಬಿಳಿ ಬಿಳಿ ಗೀರು.' ಈ ಸಾಲನ್ನು ಎರಡು ಸಲ ಓದಿದೆ.

ಆ ಕತ್ತೆ ನನಗೆ ಗೊತ್ತು. ಅವನ ಹೆಸರು ಹೇಳುವ ಮನಸ್ಸು ಇವತ್ತು ಇಲ್ಲ. ಬಲಪಕ್ಕ ಮಾತ್ರ ಮುಟ್ಟಬೇಡ.

ಫೋನ್ ನಂಬರ್ ಕೇಳಿದ್ದೀಯ. ಕೊಡುವುದಿಲ್ಲ. ಫೋನಿನಲ್ಲಿ ನನಗೆ ಬೈಗುಳ ಮಾತ್ರ ಬರುತ್ತದೆ.

ಕ್ರೇನಿನ ಯೊಲಾನಾ


ಲ್ಹೋಟಾ, ಮೊರಾವಿಯಾ
೨೫ ಜನವರಿ ೨೦೦೪

ಅಕ್ಕ,

ನಿನ್ನ ಕಾಗದ ಓದಿ ಕೊಟ್ಟಿಗೆಗೆ ಹೋದೆ. ಇಲ್ಲಿ ಹಿಂದೆ ಯಾರೋ ನಿಜವಾದ ದನ ಕಟ್ಟುತ್ತಿದ್ದರು, ಈಗ ನಮ್ಮ ಎತ್ತು ನಿಂತಿದೆ. ಉಜ್ಜುಕಾಗದ ತೆಗೆದುಕೊಂಡು ಎಡಪಕ್ಕ ಉಜ್ಜಿದೆ. ಊಟದ ಹೊತ್ತು ಮೀರಿದ್ದು ಗೊತ್ತಾಗಲಿಲ್ಲ. ಗೆಯ್ಜಾ ಸತ್ತ ಎಂದು ಒಂದು ಸಲ ಬಾಯಿಬಿಟ್ಟು ಹೇಳಿ ನೋಡಿದೆ. ಕೊಟ್ಟಿಗೆಯಲ್ಲಿ ಬೇರೆ ಯಾರೂ ಇರಲಿಲ್ಲ. ಏನೂ ಆಗಲಿಲ್ಲ. ಮತ್ತೆ ಉಜ್ಜಿದೆ.

ಈಗ ಎಡಪಕ್ಕ ಪೂರ್ತಿ ನೀಲಿ. ಬಲಪಕ್ಕ ಹಾಗೇ ಇದೆ. ನೀನು ಯಾಕೆ ಬೇಡ ಅಂದೆಯೋ ತಿಳಿಯದು. ನೀನು ಮೇಲಿನಿಂದ ಕೈ ಬೀಸಿದರೆ ಕೆಳಗಿನವರು ನಿಲ್ಲಬೇಕು, ಅದು ಅಭ್ಯಾಸ.

ಯಾಕೆ ಕೊಂಡೆ ಎಂದು ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಗೋದಾಮಿನ ಹಿಂದಿನ ಬಯಲಿನಲ್ಲಿ ಸೊಂಟದೆತ್ತರದ ಹುಲ್ಲು. ಹುಲ್ಲಿನಲ್ಲಿ ಎತ್ತುಗಳು ಸಾಲಾಗಿ ನಿಂತಿದ್ದವು. ಉಗ್ರಾಣದ ಸುಬೇದಾರ ನನ್ನ ಹಿಂದೆಯೇ ಸೇಬು ಕಚ್ಚುತ್ತ ಬಂದ. ನಾನು ಒಂದೊಂದರ ಬಾಗಿಲು ತೆಗೆದು ಮುಚ್ಚಿ ನೋಡುತ್ತಿದ್ದೆ. ಕಡೆಯಲ್ಲಿದ್ದ ಒಂದರ ಬಾಗಿಲು ಮುಚ್ಚಿದಾಗ ನಮ್ಮ ಷೆಡ್ಡಿನ ಸದ್ದೇ ಬಂತು.

"ಇದನ್ನ ಕೊಡಿ" ಅಂದೆ.

"ಅಯ್ಯೋ, ಅದಾ? ಅದು ನಮ್ ಲೆಕ್ಕದಲ್ಲೇ ಇಲ್ಲ ಮಾರಾಯ್ರೇ. ಪ್ರತಿ ವರ್ಷ ಎಣಿಸ್ತೀವಿ, ಪ್ರತಿ ವರ್ಷ ಒಂದು ಹೆಚ್ಚು ಬರುತ್ತೆ. ನನ್ ಮುಂಚೆ ಇದ್ದೋನಿಗೂ ಹಂಗೇ ಬರ್ತಿತ್ತಂತೆ. ತಗೊಂಡೋಗಿ ಪುಣ್ಯ ಕಟ್ಕೊಳ್ಳಿ."

ಕಾನೂನಿನ ಪ್ರಕಾರ ಮೊದಲು ಕವಚಕ್ಕೆ ತೂತು ಕೊರೆದರು, ಬಂದೂಕಿನ ನಳಿಗೆಗೆ ಸೀಸ ಸುರಿದರು. ಆಮೇಲೆ ಕಾಗದ ಕೊಟ್ಟರು. ಅದರಲ್ಲಿ ಏನು ಬರೆದಿತ್ತು ಗೊತ್ತಾ ಅಕ್ಕ? 'ಹೆಚ್ಚುವರಿ ಸಾಮಗ್ರಿ.' ನಾನು ಓದಿ ನಕ್ಕೆ. "ಯಾಕ್ರೀ ನಗ್ತೀರಿ?" ಅಂದ. "ನಂಗೂ ಇಂಥದ್ದೇ ಒಂದು ಕೊಟ್ಟಿದ್ರು" ಅಂದೆ. "ನಿಮಗೆ ತೂತು ಎಲ್ಲಿ ಕೊರೆದ್ರು?" ಅಂದ. ಒಳ್ಳೆಯ ಮನುಷ್ಯ.

ಇಲ್ಲಿ ನಮ್ಮದೊಂದು ಸಂಗ್ರಾಹಕರ ಸಂಘ ಇದೆ. ಅಧ್ಯಕ್ಷ ಡಾಕ್ಟರ್ ವಾವ್ರಾ, ಹಲ್ಲಿನ ವೈದ್ಯ. ಚಪ್ಪಟೆ ಪಾದ ಎಂದು ಸೈನ್ಯಕ್ಕೆ ಒಂದು ದಿನವೂ ಹೋಗದವನು ಈಗ ಶನಿವಾರ ಶನಿವಾರ ಕರ್ನಲ್ ಸಮವಸ್ತ್ರ ಹಾಕುತ್ತಾನೆ. ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ, ಇವತ್ತಿಗೂ ಅಂಗಡಿಯಲ್ಲಿ ನಾನು 'ಆ ಸ್ಲೊವಾಕ'. ಸಂಘದ ಮೇಜಿನಲ್ಲಿ ಮಾತ್ರ ನನ್ನ ಹೆಸರು ಹಿಡಿದು ಕರೆಯುತ್ತಾರೆ. ಮೇ ತಿಂಗಳ ಪ್ರದರ್ಶನದಲ್ಲಿ ನನ್ನ ಎತ್ತು ಮೊದಲ ಸಾಲಿನಲ್ಲಿ. ಒಂದೇ ಷರತ್ತು, ಬಣ್ಣ ಸೈನ್ಯದ ನಿಯಮದ ಹಸಿರೇ ಇರಬೇಕು. ನೀಲಿ ನೋಡಿದರೆ ಐಸ್‌ಕ್ರೀಮ್ ಗಾಡಿ ಅನ್ನುತ್ತಾರೆ.

ಬಲಪಕ್ಕದ ಮಾತೇನು, ಬರೆ. ಮಾರ್ಚ್‌ನಲ್ಲಿ ಬಣ್ಣ ಶುರುಮಾಡಬೇಕು.

ಇಮ್ರಿಖ್


ಝಾಬ್ರೊದ್ಯೆ
೧೨ ಫೆಬ್ರವರಿ ೨೦೦೪

ಇಮ್ರಿಖ್,

ನಮ್ಮ ಕಟ್ಟೆ ಒಡೆಯುತ್ತಾರೆ.

ಕಾರ್ಖಾನೆಯ ಜಾಗವನ್ನು ಯಾವುದೋ ಸಾಮಾನು ಸಾಗಿಸುವ ಕಂಪನಿ ತೆಗೆದುಕೊಂಡಿದೆ. ಉದ್ದನೆಯ ಲಾರಿ ತಿರುಗಲು ಜಾಗ ಸಾಲುವುದಿಲ್ಲವಂತೆ. ಸುದ್ದಿ ಕೇಳಿ ಪುರಸಭೆಗೆ ಹೋದೆ. ಈಗಿನ ಮೇಯರ್ ರಾದೊವನ್, ನಮ್ಮ ಅಸ್ತರು ವಿಭಾಗದ ವಿಂಕೊನ ಮಗ. ನನಗೆ ಕುರ್ಚಿ ಕೊಟ್ಟ. ಹನ್ನೆರಡು ವರ್ಷದಲ್ಲಿ ಅದೊಂದು ಪ್ರಗತಿ.

"ಖಾಲಿ ಕಟ್ಟೆ ಅಲ್ವಾ ಯೊಲಾನಮ್ಮ? ಅದರ ಮೇಲೆ ಏನೂ ಇಲ್ಲ. ಏನೂ ಇಲ್ಲದ್ದನ್ನ ಒಡೆದ್ರೆ ಯಾರಿಗೇನು ನಷ್ಟ?"

"ಕಟ್ಟೆ ವಿಷಯ ಹೇಳ್ತಿದೀಯೋ, ನಿನ್ ತಲೆ ವಿಷಯಾನೋ?"

ನಕ್ಕ. ಇವರಿಗೆ ಬೈದರೂ ನಗುವುದನ್ನು ಎಲ್ಲೋ ತರಬೇತಿಯಲ್ಲಿ ಕಲಿಸಿದ್ದಾರೆ.

"ನೋಡಿಮ್ಮ, ಅದರ ಮೇಲೆ ಏನಾದ್ರೂ ನಿಂತಿದ್ದಿದ್ರೆ ಸ್ಮಾರಕ ಅಂತಾಗ್ತಿತ್ತು. ಸ್ಮಾರಕ ಮುಟ್ಬೇಕಾದ್ರೆ ಜಿಲ್ಲೆಯಿಂದ ಅನುಮತಿ ಬೇಕು, ವರ್ಷಗಟ್ಲೆ ಆಗುತ್ತೆ. ಇದು ಬರೀ ಕಾಂಕ್ರೀಟು. ಬರೀ ಕಾಂಕ್ರೀಟಿಗೆ ನನ್ ಸಹಿ ಸಾಕು."

"ಯಾವಾಗ?"

"ಮೇ ಹದಿನೇಳು, ಸೋಮವಾರ. ಏಳು ಗಂಟೆಗೆ ಕೆಲಸದವ್ರು ಬರ್ತಾರೆ."

"ನಿಮ್ಮಪ್ಪ ಆ ಕಟ್ಟೆಗೆ ಮರಳು ಹೊತ್ತಿದ್ದ."

"ಗೊತ್ತು" ಅಂದ. ಆಗ ನಗಲಿಲ್ಲ.

ಎದ್ದು ಬಂದೆ. ಈಗ ಬಲಪಕ್ಕದ ಮಾತು.

ನೀನು ಊರು ಬಿಟ್ಟ ಶರತ್ಕಾಲ ನೆನಪಿಸಿಕೋ. ದೇಶದೇಶಗಳ ನಡುವೆ ಆಯುಧ ಕಡಿಮೆ ಮಾಡುವ ಒಪ್ಪಂದವಾಗಿತ್ತು, ಎತ್ತುಗಳನ್ನು ಕೊಯ್ಯಬೇಕಿತ್ತು. ಹೊರದೇಶದವರು ದಪ್ಪ ಕೋಟು ತೊಟ್ಟು ಬಂದು ಎಣಿಸುತ್ತಿದ್ದರು. ಇಪ್ಪತ್ತು ವರ್ಷ ಬೆಸೆದ ಹೊಲಿಗೆಗಳನ್ನೇ ಗೆಯ್ಜಾ ಗ್ಯಾಸಿನ ಬೆಂಕಿಯಲ್ಲಿ ಬಿಡಿಸಿದ. ಕೆಲಸ ಅಂತ ಇದ್ದದ್ದು ಅದೊಂದೇ. ನೀನು ಬಿಯರ್ ಅಂಗಡಿಯಲ್ಲಿ ಎಲ್ಲರ ಎದುರು ಗ್ಲಾಸು ತಳ್ಳಿ, "ಕಟುಕನ ಜೊತೆ ಕೂತು ಕುಡಿಯಲ್ಲ" ಅಂದೆ. ಎದ್ದು ಹೋದೆ. ಮೊರಾವಿಯಾದವರೆಗೂ ಹೋದೆ. ಅವನು ನಿನ್ನ ಗ್ಲಾಸಿನಲ್ಲಿದ್ದದ್ದನ್ನೂ ಕುಡಿದು ಮನೆಗೆ ಬಂದ. ನನಗೆ ಹೇಳಲಿಲ್ಲ, ಗೆಳತಿ ಹರ್ಮೀನಾ ಹೇಳಿದಳು.

ಡಿಸೆಂಬರಿನ ಒಂದು ಭಾನುವಾರ ಅಡುಗೆಮನೆಗೆ ಸುಣ್ಣ ಹೊಡೆಯಲು ಇಟ್ಟಿದ್ದ ಬ್ರಶ್ಶು ಕಾಣಲಿಲ್ಲ. ಅರ್ಧ ಗೋಡೆ ಹಾಗೇ ನಿಂತಿತು. ಎಲೆಕೋಸಿನ ಸಾರು ಎರಡನೇ ಸಲ ಬಿಸಿ ಮಾಡುವಾಗ ಅವನು ಬಂದ. ಉಗುರಿನಲ್ಲೆಲ್ಲ ಹಸಿರು.

"ಎಲ್ಲಿಗೆ ಹೋಗಿದ್ದೆ?"

"ಎತ್ತಿನ ಮಂದೆಗೆ."

"ಬ್ರಶ್ಶೆಲ್ಲಿ?"

"ಹಾಳಾಯ್ತು. ಹೊಸದು ತಂದ್ಕೊಡ್ತೀನಿ."

"ಏನ್ ಬಳಿದೆ ಅದರಲ್ಲಿ?"

"ಒಂದು ಕರು ಬೇರೆ ಬಣ್ಣದ್ದಿತ್ತು. ಬೇರೆ ಬಣ್ಣದ್ದನ್ನೇ ಮೊದಲು ಕೊಯ್ಯೋದು. ನಾಳೆ ಅದನ್ನ ಕೊಯ್ಯೋಕೆ ನಂಗೇ ಹೇಳಿದ್ರು. ಅದನ್ನ ಗೋದಾಮಿಗೆ ಹೋಗೋ ಸಾಲಲ್ಲಿ ನಿಲ್ಸಿ ಬಂದೆ."

"ಎಣಿಸೋವಾಗ ಸಿಕ್ಕಿಬೀಳಲ್ವಾ?"

"ಕಮ್ಮಿ ಬಂದ್ರೆ ಗಲಾಟೆ ಯೊಲಾ. ಹೆಚ್ಚು ಬಂದ್ರೆ ಏನಿಲ್ಲ. ಹೆಚ್ಚಾದೋರ್ನ ಯಾರು ಕೇಳ್ತಾರೆ?"

ಅವನು ಆಡಿದ ಕೊನೆಯ ಉದ್ದನೆಯ ಮಾತು ಅದು. ಆಮೇಲೆ ಐದು ವರ್ಷ 'ಹೂಂ', 'ಬೇಡ', 'ಉಪ್ಪು'. ಬೆಳಿಗ್ಗೆ ಹೋಗಿ ಕೊಯ್ಯುತ್ತಿದ್ದ, ಸಂಜೆ ಬಂದು ಉಪ್ಪು ಕೇಳುತ್ತಿದ್ದ. ಎತ್ತುಗಳು ಮುಗಿದ ಮೇಲೆ ಕೊಯ್ಯಲೂ ಏನೂ ಉಳಿಯಲಿಲ್ಲ.

ಬಿಳಿ ಗೀರು ಎಲ್ಲಿಂದ ಬಂತು ಎಂದು ಈಗ ಗೊತ್ತಾಯಿತಲ್ಲ. ನನ್ನ ಅಡುಗೆಮನೆಯ ಸುಣ್ಣ. ಅವನು ಬ್ರಶ್ಶು ತೊಳೆಯದೆ ಒಯ್ದಿದ್ದ. ಯಾವತ್ತೂ ತೊಳೆಯುತ್ತಿರಲಿಲ್ಲ.

ಆ ಎತ್ತನ್ನು ತಾ. ಕಟ್ಟೆಯ ಮೇಲೆ ನಿಲ್ಲಿಸೋಣ. ಮೇ ಹದಿನೇಳಕ್ಕೆ ಮೊದಲು.

ಯೊಲಾನಾ


ಝಾಬ್ರೊದ್ಯೆ
೮ ಮಾರ್ಚ್ ೨೦೦೪

ಇಮ್ರಿಖ್,

ಇವತ್ತು ಮಹಿಳಾ ದಿನ. ಹಿಂದೆ ಈ ದಿನ ಪಕ್ಷದ ಕಾರ್ಯದರ್ಶಿ ಪ್ರತಿ ಹೆಂಗಸಿಗೂ ಒಂದು ಕೆಂಪು ಹೂವು, ಒಂದು ಟವೆಲು ಕೊಟ್ಟು, "ಸಂಗಾತಿ ಯೊಲಾನಾ, ಅಭಿನಂದನೆ" ಅಂತಿದ್ದ. ಕ್ರೇನಿನ ಮೇಲೆ ಹತ್ತಿ ಬರಲು ಹೆದರಿ ನನ್ನ ಹೂವನ್ನು ಕೊಕ್ಕೆಗೆ ಕಟ್ಟುತ್ತಿದ್ದ. ನಾನು ಹೂವನ್ನು ಮೇಲೆಳೆದುಕೊಳ್ಳುತ್ತಿದ್ದೆ. ನೀವಿಬ್ಬರೂ ಕೆಳಗೆ ನಿಂತು ಸೀಟಿ ಹೊಡೆಯುತ್ತಿದ್ದಿರಿ.

ನಿನ್ನ ಉತ್ತರ ಬಂದಿಲ್ಲ. ಸುಮ್ಮನಿರುವುದರಲ್ಲಿ ನನ್ನ ಜೊತೆ ಪಂದ್ಯ ಕಟ್ಟಬೇಡ. ಗೆಯ್ಜಾನ ಮನೆಯಲ್ಲಿ ಬದುಕಿದವಳು ನಾನು.

ಯೊಲಾನಾ


ಲ್ಹೋಟಾ
೨೭ ಮಾರ್ಚ್ ೨೦೦೪

ಅಕ್ಕ,

ಬಲಪಕ್ಕ ಮುಟ್ಟಿಲ್ಲ.

ಎಡಪಕ್ಕ ಉಜ್ಜಿದಾಗ ಬಿದ್ದ ಹಸಿರು ಪುಡಿ ಗುಡಿಸಿ ಚೀಲದಲ್ಲಿ ಕಟ್ಟಿಟ್ಟಿದ್ದೆ, ಕಸದವರಿಗೆ ಕೊಡಲು. ಕಸದ ಗಾಡಿ ಎಷ್ಟೋ ಸಲ ಬಂದು ಹೋಯಿತು. ಚೀಲ ಕೊಟ್ಟಿಲ್ಲ.

ಬೇರೇನೂ ಬರೆಯಲು ಬರುತ್ತಿಲ್ಲ.

ಇಮ್ರಿಖ್


ಲ್ಹೋಟಾ
ಈಸ್ಟರ್ ಸೋಮವಾರ, ೧೨ ಏಪ್ರಿಲ್ ೨೦೦೪

ಅಕ್ಕ,

ಇಲ್ಲಿಯ ಗಂಡಸರು ಈಸ್ಟರ್ ಸೋಮವಾರ ಹೆಂಗಸರನ್ನು ಬರಲಿನಿಂದ ಮೆಲ್ಲಗೆ ತಟ್ಟಿ ಮೊಟ್ಟೆ ಇಸಿದುಕೊಳ್ಳುತ್ತಾರೆ. ನಮ್ಮ ಹಾಗೆ ಕೊಡ ಎತ್ತಿ ತಣ್ಣೀರು ಸುರಿಯುವ ಧೈರ್ಯ ಇವರಿಗಿಲ್ಲ. ಒಂದು ವರ್ಷ ನಾನೂ ಗೆಯ್ಜಾನೂ ನಿನ್ನನ್ನು ಸ್ನಾನದ ತೊಟ್ಟಿಗೇ ಎತ್ತಿ ಹಾಕಿದ್ದೆವು. ನೀನು ಒದ್ದೆ ಬಟ್ಟೆಯಲ್ಲೇ ಎದ್ದು ಬಂದು ನನ್ನ ಕಪಾಳಕ್ಕೆ ಬಿಟ್ಟೆ, ಆಮೇಲೆ ಪ್ಲಮ್ ಸಾರಾಯಿ ಬಗ್ಗಿಸಿದೆ. ಬೆಳಿಗ್ಗೆಯಿಂದ ಎಡಗೆನ್ನೆ ಮುಟ್ಟಿ ಮುಟ್ಟಿ ನೋಡಿಕೊಂಡೆ. ಜೋಮು ಹಿಡಿದ ಹಾಗಿದೆ, ಕೆನ್ನೆ ಅಲ್ಲ, ಎಲ್ಲವೂ.

ಶನಿವಾರ ವಾವ್ರಾ ಬಂದಿದ್ದ. ಬಣ್ಣದ ಪಟ್ಟಿ, ಅಳತೆ ಟೇಪು, ಒಂದು ಡಬ್ಬ ಹಸಿರು ಬಣ್ಣ ಎಲ್ಲ ತಂದಿದ್ದ. ನೀಲಿ ಪಕ್ಕ ನೋಡಿ ಕಣ್ಣು ಮುಚ್ಚಿಕೊಂಡ. ರೋಗಿಯ ಬಾಯಿ ತೆಗೆದು ನೋಡಿ ಹಾಗೆ ಮಾಡುತ್ತಾನೇನೋ.

"ಇಮ್ರಿಖ್, ಇದೇನು ಇದು? ಯಾವ ಸೈನ್ಯದ್ದು?"

"ಟ್ರ್ಯಾಕ್ಟರ್ ಸೈನ್ಯದ್ದು."

"ತಮಾಷೆ ಬೇಡ. ಹಲ್ಲಿನ ಕಿಟ್ಟದ ಹಾಗೆ ಎಲ್ಲ ಕೆರೆದು ಹಾಕ್ಬೇಕು, ಎರಡೂ ಕಡೆ. ಅಸಲಿ ಬಣ್ಣ ಹಚ್ಬೇಕು."

"ಅಸಲಿ ಇದೇ ಡಾಕ್ಟ್ರೇ. ನಾನೇ ಹಚ್ಚಿದ್ದು."

ಅವನಿಗೆ ಅರ್ಥವಾಗಲಿಲ್ಲ. ಸುತ್ತಿ ಬಲಪಕ್ಕಕ್ಕೆ ಹೋದ. ಉಗುರಿನಿಂದ ಕೆರೆಯಲು ನೋಡಿದ. ಕೈ ಹಿಡಿದೆ.

"ಇದನ್ನ ಯಾರ್ ಬಳಿದಿದ್ದು? ಥೂ, ಬ್ರಶ್ಶಿನ ಕೂದಲು ಕೂಡ ಅಂಟ್ಕೊಂಡಿದೆ!"

"ಒಬ್ಬ ಕತ್ತೆ."

"ಎಲ್ಲಿದಾನೆ? ಸಿಕ್ಕಿದ್ರೆ ಹೇಳ್ತೀನಿ ಅವನಿಗೆ."

"ನಮ್ಮೂರ ಸ್ಮಶಾನದಲ್ಲಿದಾನೆ. ಹೋಗೋದಾದ್ರೆ ಕೋಟು ಹಾಕ್ಕೊಳ್ಳಿ, ಅಲ್ಲಿ ಗಾಳಿ ಜಾಸ್ತಿ."

ಡಬ್ಬ ಅಲ್ಲೇ ಬಿಟ್ಟು ಹೋದ. ಸಂಜೆಗೆ ಸಂಘದಿಂದ ಫೋನು ಬಂತು, ಮೊದಲ ಸಾಲಿನ ಜಾಗ ಬೇರೆಯವರಿಗೆ ಹೋಗಿದೆ ಎಂದು. ಫೋನು ಮಾಡಿದವನು ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ.

ಈಗ ನೀನು ಕೇಳಿದ್ದಕ್ಕೆ ಬರುತ್ತೇನೆ. ಅಕ್ಕ, ಅದು ನನ್ನದು. ದುಡಿದು ಕೊಂಡದ್ದು. ಎಂಜಿನ್ ಬಿಚ್ಚಿ ಕಟ್ಟಿದ್ದೇನೆ, ಒಂದು ಏಟಿಗೆ ಶುರುವಾಗುತ್ತದೆ. ನಾನು ಒಳಗೆ ಕೂತು ಬಾಗಿಲು ಹಾಕಿಕೊಂಡರೆ ನಾನು ಯಾವ ದೇಶದವನೂ ಅಲ್ಲ. ಕಟ್ಟೆಯ ಮೇಲೆ ನಿಲ್ಲಿಸಿದರೆ ಮತ್ತೆ ಇಳಿಸುವ ಹಾಗಿಲ್ಲ, ಹಕ್ಕಿ ಹೇಲುತ್ತದೆ, ಪೋಲಿ ಹುಡುಗರು ಹೆಸರು ಕೆತ್ತುತ್ತಾರೆ, ತುಕ್ಕು ಹಿಡಿಯುತ್ತದೆ. ಹಾಗೆ ಕೊಡಲು ಆಗುವುದಿಲ್ಲ ಎಂದು ಬರೆಯಲು ಕೂತಿದ್ದೆ.

ಬರೆಯುವ ಮೊದಲು ಹೋಗಿ ಒಳಗೆ ಕೂತೆ. ತೂತುಗಳಿಂದ ಬೆಳಕು ಬರುತ್ತಿತ್ತು. ಬೆಳಕು ಬಿದ್ದ ಕಡೆ ಗೆಯ್ಜಾನ ಬೆಸುಗೆ ಕಂಡಿತು. ಅವನ ಬೆಸುಗೆ ನಿನಗೆ ಗೊತ್ತಲ್ಲ, ರೊಟ್ಟಿ ಅಂಚು ಮಡಚಿದ ಹಾಗೆ. ಅದರ ಮೇಲೆ ಕೈ ಇಟ್ಟುಕೊಂಡು ಕೂತೆ. ಅಳು ಬರಬಹುದು ಎಂದು ಕಾದೆ. ಬರಲಿಲ್ಲ. ತಣ್ಣಗಿತ್ತು, ಅಷ್ಟೇ.

ಹದಿನಾಲ್ಕು ಟನ್ ಇದೆ ಅಕ್ಕ. ತಗ್ಗು ಗಾಡಿಯ ಮೇಲೆ ಹಾಕಿ ತರಬಹುದು. ಆದರೆ ಕಟ್ಟೆಯ ಮೇಲಕ್ಕೆ ಎತ್ತಿ ಇಡುವವರು ಯಾರು?

ಇಮ್ರಿಖ್


ಝಾಬ್ರೊದ್ಯೆ
೪ ಮೇ ೨೦೦೪

ಇಮ್ರಿಖ್,

ಎತ್ತುವವರು ಯಾರು ಎಂದು ಕೇಳಿದ್ದೀಯ. ಇಪ್ಪತ್ತಾರು ವರ್ಷ ನಿಮ್ಮ ತಲೆಯ ಮೇಲೆ ಎತ್ತುಗಳನ್ನು ಹಾರಿಸಿದವಳು ಯಾರೋ?

ಹರ್ಮೀನಾಳ ಅಳಿಯ ಶ್ತೆಫ್ಕೊ ಈಗ ಲಾರಿ ಮೇಲಿನ ಕ್ರೇನ್ ಇಟ್ಟುಕೊಂಡಿದ್ದಾನೆ, ಮನೆಗಳ ಮಾಡು ಎತ್ತಿ ಬದುಕುತ್ತಾನೆ. ಹಿಂದೆ ನಮ್ಮ ಷೆಡ್ಡಿನಲ್ಲಿ ನನ್ನ ಕೊಕ್ಕೆಗೆ ಸರಪಳಿ ಹಾಕುತ್ತಿದ್ದವನು. ಅವನನ್ನು ಕೇಳಿದೆ.

"ಪುರಸಭೆ ಅನುಮತಿ ಇದೆಯಾ ಯೊಲಾನಕ್ಕಾ?"

"ಇಲ್ಲ."

"ನಿಂಗೆ ಈಗ ಲೈಸೆನ್ಸು ಇದೆಯಾ?"

"ಇಲ್ಲ."

"ವಯಸ್ಸೆಷ್ಟು?"

"ನಿಮ್ಮತ್ತೆಗಿಂತ ಎರಡು ಕಮ್ಮಿ."

"ಸರಿ, ಹಂಗಾದ್ರೆ. ಸರಪಳಿ ನಾನು ಹಾಕ್ತೀನಿ. ಲಿವರ್ ನೀನ್ ಹಿಡಿ. ಪೊಲೀಸ್ರು ಬಂದ್ರೆ ನಾನು ಮೂತ್ರಕ್ಕೆ ಹೋಗಿದ್ದೆ."

ಮೊದಲನೇ ತಾರೀಖು ನಮ್ಮೆರಡು ದೇಶಗಳನ್ನೂ ಯುರೋಪಿನ ದೊಡ್ಡ ಕೂಟಕ್ಕೆ ಸೇರಿಸಿಕೊಂಡರು. ಚೌಕದಲ್ಲಿ ಬ್ಯಾಂಡು, ಸಾಸೇಜು, ರಾದೊವನನ ಭಾಷಣ. ಹಿಂದೆ ಇದೇ ಚೌಕದಲ್ಲಿ ಮೇ ದಿನ ನಮ್ಮನ್ನು ಸಾಲಾಗಿ ನಡೆಸುತ್ತಿದ್ದರು. ಆಗಲೂ ಅವರೇ ಮೇಲೆ ನಿಂತಿದ್ದರು, ಈಗಲೂ ಅವರೇ. ಈ ಸಲ ಕೊಟ್ಟ ಮಾತುಗಳನ್ನು ನಾನು ಎಣಿಸಲಿಲ್ಲ. ಒಂದು ಮಾತ್ರ ಕಿವಿಗೆ ಬಿತ್ತು, ಗಡಿಯಲ್ಲಿ ಇನ್ನು ಸರಕಿಗೆ ಸುಂಕ ಕೇಳುವುದಿಲ್ಲವಂತೆ. ಹಾಗಾದರೆ ನಿನ್ನ ಎತ್ತಿಗೂ ಕೇಳುವ ಹಾಗಿಲ್ಲ. ಕೇಳಿದರೆ ಹೆಚ್ಚುವರಿ ಎಂದು ಹೇಳು.

ತುಕ್ಕು ಹಿಡಿಯುತ್ತದೆ ಎಂದು ಬರೆದಿದ್ದೀಯ. ಹಿಡಿಯಲಿ. ಹನ್ನೆರಡು ವರ್ಷದಿಂದ ನಾವೂ ಬಯಲಿನಲ್ಲೇ ನಿಂತಿದ್ದೇವೆ. ಹಕ್ಕಿ ಹೇಲಿದರೆ ನಾನು ತೊಳೆಯುತ್ತೇನೆ, ನನಗೆ ಬೇರೇನು ಕೆಲಸ. ನನ್ನದು ಎಂದಿದ್ದೀಯ. ನಿನ್ನದೇ. ಬೀಗದ ಕೈ ನಿನ್ನ ಹತ್ತಿರವೇ ಇರಲಿ. ಮನಸ್ಸಾದಾಗ ಬಂದು ಒಳಗೆ ಕೂತು ಬಾಗಿಲು ಹಾಕಿಕೋ. ಯಾವ ದೇಶದವನು ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಬಿಯರ್ ಅಂಗಡಿ ಇನ್ನೂ ಇದೆ. ಗ್ಲಾಸು ತಳ್ಳಿದ ಮೇಜೂ ಇದೆ. ಅಲ್ಲಿಗೆ ಹೋಗಲೇಬೇಕು ಎಂದು ನಾನು ಹೇಳುವುದಿಲ್ಲ.

ನಿಲ್ಲಿಸುವ ರೀತಿ ಹೀಗೆ: ನೀಲಿ ಪಕ್ಕ ಗೇಟಿನ ಕಡೆಗೆ, ಬಂದು ಹೋಗುವ ಲಾರಿಯವರು, ಕಂಪನಿಯವರು, ಮಂತ್ರಾಲಯದವರು ಟ್ರ್ಯಾಕ್ಟರ್ ಎಲ್ಲಿ ಎಂದು ನೋಡಿಕೊಳ್ಳಲಿ. ಹಸಿರು ಪಕ್ಕ ನಮ್ಮ ಮನೆಗಳ ಕಡೆಗೆ. ನನ್ನ ಅಡುಗೆಮನೆ ಕಿಟಕಿಯಿಂದ ಕಟ್ಟೆ ಕಾಣುತ್ತದೆ. ಇಷ್ಟು ವರ್ಷ ಕಾಫಿ ಕುಡಿಯುತ್ತ ಖಾಲಿ ಕಟ್ಟೆ ನೋಡಿದೆ. ಇನ್ನು ಕೂದಲು ಅಂಟಿದ ಆ ಕೆಟ್ಟ ಬಣ್ಣ ನೋಡುತ್ತೇನೆ.

ಕಂಚಿನ ಹಲಗೆ ಇಲ್ಲ. ವಿಂಕೊ ಉಳಿದವರ ಮನೆಗಳಿಗೆಲ್ಲ ಹೋಗಿ ಬಂದಿದ್ದಾನೆ. ಬೆಳಿಗ್ಗೆ ಎಲ್ಲರೂ ಬಂದು ಕಟ್ಟೆಯ ಸುತ್ತ ನಿಲ್ಲುತ್ತಾರೆ. ಕೈಗೆ ಬಂದ ಆ ಹೆಚ್ಚುವರಿ ಕಾಗದ ಇಟ್ಟುಕೊಂಡವರು ಅದನ್ನೇ ತರುತ್ತಾರಂತೆ. ವಿಂಕೊನ ಮಗನಿಗೆ ಸ್ಮಾರಕ ಬೇಕಿತ್ತಲ್ಲ. ಅಪ್ಪನನ್ನು ಎಬ್ಬಿಸಿ ಕಳಿಸಲು ಅವನ ಸಹಿ ಸಾಕಾಗುತ್ತದೋ ನೋಡೋಣ.

ಚೀಲವನ್ನೂ ತಾ, ಆ ಹಸಿರು ಪುಡಿ. ಏನು ಮಾಡುತ್ತೇನೆ ಎಂದು ಗೊತ್ತಿಲ್ಲ. ಬೇರೆಯವರ ಕಸದ ಗಾಡಿಗೆ ಮಾತ್ರ ಹೋಗಬಾರದು.

ನಿನ್ನೆ ಹರ್ಮೀನಾ ಕೇಳಿದಳು, "ಈಗಾದ್ರೂ ಸಂತೋಷ ಆಯ್ತಾ ನಿಂಗೆ?" ಒಳಗೆ ನೋಡಿಕೊಂಡೆ. ಏನೂ ಇರಲಿಲ್ಲ, ಸಂತೋಷವೂ ಇಲ್ಲ, ಸಿಟ್ಟೂ ಇಲ್ಲ. ಕೆಳಗೆ ನೋಡಿದರೆ ಬಲಗೈ ಮಾತ್ರ ಮೇಜಿನ ಮೇಲೆ ಲಿವರ್ ಹಿಡಿದ ಹಾಗೆ ಮಡಚಿಕೊಂಡಿತ್ತು.

ಒಡೆಯುವವರು ಬರುವುದು ಏಳಕ್ಕೆ. ನಾವು ಮೊದಲ ಪಾಳಿಯ ಹೊತ್ತಿಗೇ ಬರುತ್ತೇವೆ. ತಡ ಮಾಡಿದರೆ ಹಾಜರಿ ಕತ್ತರಿಸುತ್ತೇನೆ.

ಕ್ರೇನಿನ ಯೊಲಾನಾ

ಸೋಮವಾರ, ಮೇ ೧೭. ಬೆಳಿಗ್ಗೆ ಆರು ಗಂಟೆ. ಗೇಟಿನ ಮುಂದೆ.